ಫ್ರಾಂಟಿಯರ್ ನರ್ಸಿಂಗ್ ಯೂನಿವರ್ಸಿಟಿಲಿ ಮಿಡ್‌ವೈಫರಿ ಓದೋಣ ಅಂತಿದೀನಿ, ಆನ್‌ಲೈನ್ ಅಂತ ಮನೇಲಿ ಒಪ್ತಿಲ್ಲ, ಗೊತ್ತಿದ್ದೋರು ಹೇಳಿ

ಲೇಬರ್‌ವಾರ್ಡ್_ಹುಡುಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಊರಲ್ಲಿ ಬಿಎಸ್ಸಿ ನರ್ಸಿಂಗ್ ಮುಗಿಸಿ ಎನ್‌ಕ್ಲೆಕ್ಸ್ (ಅಮೆರಿಕದ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ) ಪಾಸ್ ಮಾಡಿ ಇಲ್ಲಿಗೆ ಬಂದೋಳು, ನಾಲ್ಕು ವರ್ಷದಿಂದ ಅಮೆರಿಕದ ಒಂದು ಸಣ್ಣ ಊರಿನ ಆಸ್ಪತ್ರೇಲಿ ಲೇಬರ್ ವಾರ್ಡಲ್ಲಿ ನೈಟ್ ಡ್ಯೂಟಿ ಮಾಡ್ತಾ ಇದೀನಿ. ಮುಂದೆ ಓದಬೇಕು ಅಂತ ಮೊದಲಿಂದ ಇತ್ತು ಆದ್ರೆ ಏನು ಅಂತ ಗಟ್ಟಿ ಆಗಿರ್ಲಿಲ್ಲ. ಹೋದ ತಿಂಗಳು ಒಂದು ರಾತ್ರಿ ಗಟ್ಟಿ ಆಯ್ತು.

ನಮ್ಮಲ್ಲಿ ಒಬ್ಬರು ನರ್ಸ್-ಮಿಡ್‌ವೈಫ್ ಇದಾರೆ, ಅಂದ್ರೆ ಹೆರಿಗೆ ಮಾಡ್ಸೋದನ್ನೇ ಮುಂದೆ ಓದಿ ಕಲಿತ ನರ್ಸ್. ಅವತ್ತು ಬಂದಿದ್ದು ಚೊಚ್ಚಲ ಬಸುರಿ, ಹತ್ತೊಂಬತ್ತು ವರ್ಷ, ಜೊತೆಗೆ ಅಮ್ಮನೂ ಇಲ್ಲ ಯಾರೂ ಇಲ್ಲ. ಈ ಮಿಡ್‌ವೈಫ್ ರೂಮಿನ ದೊಡ್ಡ ಲೈಟ್ ಆರಿಸಿ, ಒಂದು ಗಿಡ್ಡ ಸ್ಟೂಲ್ ಎಳ್ಕೊಂಡು ಆ ಹುಡುಗಿ ಬೆನ್ನ ಹಿಂದೆ ಕೂತು, ನೋವು ಬಂದಾಗೆಲ್ಲ ಸೊಂಟದ ಕೆಳಗೆ ಅಂಗೈ ಒತ್ತಿ ಹಿಡಿಯೋದು, ನೋವು ಇಳಿದ ಮೇಲೆ ಕೈ ತೆಗೆಯೋದು. ಹೀಗೇ ಮೂರು ಗಂಟೆ ಮೇಲೆ. ಜಾಸ್ತಿ ಮಾತೇ ಇಲ್ಲ. ನಾನು ಮಗುವಿನ ಹಾರ್ಟ್ ರೇಟ್ ಕೇಳಿ ಕೇಳಿ ಬರ್ಕೊಳ್ತಾ ಇದ್ದೆ ಆದ್ರೆ ಕಣ್ಣೆಲ್ಲ ಅವರ ಕೈ ಮೇಲೇ ಇತ್ತು. ಹೊಲಿಗೆ ಕೂಡ ಬೀಳಲಿಲ್ಲ ಆ ಹುಡುಗಿಗೆ. ಬೆಳಿಗ್ಗೆ ರಿಪೋರ್ಟ್ ಕೊಟ್ಟು ಕಾರಲ್ಲಿ ಕೂತು ಅತ್ತೆ, ಯಾಕೆ ಅಂತ ಈಗ್ಲೂ ಸರಿಯಾಗಿ ಹೇಳಕ್ಕೆ ಬರಲ್ಲ. ಇದನ್ನೇ ಕಲೀಬೇಕು ಅನ್ಸಿಬಿಡ್ತು ಅಷ್ಟೇ.

ಅವರನ್ನ ಎಲ್ಲಿ ಓದಿದ್ರಿ ಅಂತ ಕೇಳ್ದೆ, ಕೆಂಟಕಿಯ ಫ್ರಾಂಟಿಯರ್ ನರ್ಸಿಂಗ್ ಯೂನಿವರ್ಸಿಟಿ ಅಂದ್ರು. ನೋಡಿದ್ರೆ ಪಾಠ ಎಲ್ಲ ಆನ್‌ಲೈನ್, ಕ್ಲಿನಿಕಲ್, ಅಂದ್ರೆ ಪೇಷೆಂಟ್‌ಗಳ ಜೊತೆ ಮಾಡೋ ತರಬೇತಿ, ನಾವಿರೋ ಕಡೇನೇ ಮಾಡ್ಕೊಬೇಕು. ನಂಗೆ ಇದೇ ಬೇಕಾಗಿದ್ದು, ಯಾಕಂದ್ರೆ ಮಗಳಿಗೆ ಐದು ವರ್ಷ, ಗಂಡನ ಕೆಲಸ ಇಲ್ಲೇ. ಆದ್ರೆ ಮನೇಲಿ ಯಾರಿಗೂ ಸಮಾಧಾನ ಇಲ್ಲ. ನಮ್ಮೋರು ಹೆರಿಗೆ ಮಾಡ್ಸೋದನ್ನ ಲ್ಯಾಪ್‌ಟಾಪಲ್ಲಿ ಹೇಗೆ ಕಲೀತಾರೆ ಅಂತಾರೆ, ಮಾವನೋರು ಫೋನಲ್ಲಿ ಅದೇನಮ್ಮ ಕೆಂಟಕಿ ಮೂಲೇಲಿರೋ ಪ್ರೈವೇಟ್ ಯೂನಿವರ್ಸಿಟಿ, ಹೆಸರೇ ಕೇಳಿಲ್ಲ, ದುಡ್ಡು ಹಾಕಿ ಮೋಸ ಹೋಗ್ಬೇಡ ಅಂತಾರೆ. ಅವರ ಭಯ ತಪ್ಪು ಅಂತ ನಾನು ಹೇಳಲ್ಲ, ಊರಲ್ಲಿ ಬರೀ ಬೋರ್ಡ್ ಹಾಕ್ಕೊಂಡಿರೋ ಕಾಲೇಜುಗಳನ್ನ ನಾವೆಲ್ಲ ನೋಡಿದೀವಿ. ಈ ಯೂನಿವರ್ಸಿಟಿ ಹಿನ್ನೆಲೆ ಏನು, ಏನೇನು ಕೋರ್ಸ್ ಇದೆ, ಓದಿದೋರು ಇದ್ರೆ ಕಷ್ಟ ಎಲ್ಲಿ ಬರುತ್ತೆ ಅಂತ ದಯವಿಟ್ಟು ಹೇಳಿ.


ಹಳೇ_ಕಡತ:

ತಂಗಿ, ನಿಮ್ಮ ಮಾವನೋರಿಗೆ ಮೊದಲು ಇದನ್ನ ಹೇಳಿ, ಆ ಸ್ಕೂಲ್ ಶುರುವಾಗಿದ್ದು 1939ರಲ್ಲಿ. ಇಂಟರ್ನೆಟ್ ಬಂದ್ಮೇಲೆ ಹುಟ್ಟಿದ್ದಲ್ಲ. ನಾನು ನರ್ಸ್ ಅಲ್ಲ, ಸಾರ್ವಜನಿಕ ಆರೋಗ್ಯದ ಇತಿಹಾಸ ಓದೋ ಹುಚ್ಚು, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಇದರ ಬೇರು ಮೇರಿ ಬ್ರೆಕಿನ್‌ರಿಜ್ ಅನ್ನೋ ಹೆಣ್ಣುಮಗಳು. 1881ರಲ್ಲಿ ಹುಟ್ಟಿದ್ದು, ದೊಡ್ಡ ಮನೆತನ, ತಾತ ಜಾನ್ ಬ್ರೆಕಿನ್‌ರಿಜ್ ಅಮೆರಿಕದ ಉಪಾಧ್ಯಕ್ಷ ಆಗಿದ್ದೋರು. ಮೊದಲ ಗಂಡ ಬೇಗ ತೀರಿಕೊಂಡ್ರು, ಆಮೇಲೆ ನ್ಯೂಯಾರ್ಕಲ್ಲಿ ನರ್ಸಿಂಗ್ ಕಲಿತು 1910ರಲ್ಲಿ ಮುಗಿಸಿದ್ರು. ಮತ್ತೆ ಮದುವೆ ಆಯ್ತು, ಎರಡು ಮಕ್ಕಳು. ಹೆಣ್ಣುಮಗು 1916ರಲ್ಲಿ ದಿನ ತುಂಬೋಕೆ ಮುಂಚೆ ಹುಟ್ಟಿ ಕೆಲವೇ ಗಂಟೆ ಬದುಕಿದ್ದು, ಗಂಡುಮಗು ನಾಲ್ಕು ವರ್ಷಕ್ಕೆ, 1918ರಲ್ಲಿ ಹೋಯ್ತು. ಆ ಮದುವೇನೂ ಉಳೀಲಿಲ್ಲ. ಉಳಿದ ಆಯುಷ್ಯ ಬೇರೆಯೋರ ಮಕ್ಕಳಿಗೆ ಅಂತ ಆಕೆ ನಿಶ್ಚಯ ಮಾಡಿದ್ದು ಅಲ್ಲಿಂದ.

ಮೊದಲ ಮಹಾಯುದ್ಧ ಮುಗಿದ್ಮೇಲೆ ಹಾಳುಬಿದ್ದ ಫ್ರಾನ್ಸಿಗೆ ಹೋಗಿ ಕೆಲಸ ಮಾಡಿದ್ರು, ಯುರೋಪಲ್ಲಿ ನರ್ಸ್ ಮತ್ತು ಸೂಲಗಿತ್ತಿ ಎರಡೂ ಆಗಿರೋ ಹೆಂಗಸರನ್ನ ನೋಡಿದ್ದು ಆಗ. ಅಮೆರಿಕದಲ್ಲಿ ಆ ಕಾಲಕ್ಕೆ ಅಂಥ ಕೆಲಸವೇ ಇರಲಿಲ್ಲ ಅನ್ನಬಹುದು, ಒಂದೋ ಡಾಕ್ಟರು ಇಲ್ಲಾಂದ್ರೆ ಊರಿನ ಅಜ್ಜಿ. 1923ರ ಬೇಸಿಗೆಯಲ್ಲಿ ಕೆಂಟಕಿಯ ಬೆಟ್ಟದ ಸೀಮೇಲಿ ಕುದುರೆ ಹತ್ತಿ ಊರೂರು ತಿರುಗಿ 50ಕ್ಕೂ ಹೆಚ್ಚು ಸೂಲಗಿತ್ತಿ ಅಜ್ಜಿಯರನ್ನ ಕೂರಿಸಿ ಮಾತಾಡಿಸಿದ್ರು, ಏನು ಮಾಡ್ತೀರಿ ಹೇಗೆ ಮಾಡ್ತೀರಿ ಅಂತ. ನಮ್ಮ ಪಾವಗಡದ ಸೂಲಗಿತ್ತಿ ನರಸಮ್ಮನೋರು ಗೊತ್ತಲ್ಲ, 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದೋರು, ಅಂಥ ಕೈಗುಣ ಇರೋ ಅಜ್ಜಿಯರು ಅಲ್ಲೂ ಇದ್ರು. ಆದ್ರೆ ರಕ್ತ ಹೋಗೋಕೆ ಶುರುವಾದ್ರೆ, ಫಿಟ್ಸ್ ಬಂದ್ರೆ ಕೈಲಿ ಏನೂ ಇರ್ತಿರ್ಲಿಲ್ಲ. 20ನೇ ಶತಮಾನ ಶುರುವಾದಾಗ ಅಮೆರಿಕದಲ್ಲಿ 1,000 ಹೆರಿಗೆಗೆ 6ರಿಂದ 9 ತಾಯಂದಿರು ಸಾಯ್ತಾ ಇದ್ರು, 1920ರ ದಶಕದಲ್ಲೂ ಅದೇನು ಹೇಳ್ಕೊಳ್ಳೋ ಹಾಗೆ ಇಳಿದಿರಲಿಲ್ಲ.

ಆಮೇಲೆ ಆಕೆ ನಲವತ್ತು ದಾಟಿದ ವಯಸ್ಸಲ್ಲಿ ಲಂಡನ್‌ಗೆ ಹೋಗಿ, ವುಲಿಚ್‌ನ ಒಂದು ಹೆರಿಗೆ ಆಸ್ಪತ್ರೇಲಿ ಚಿಕ್ಕ ಹುಡುಗಿಯರ ಜೊತೆ ಕೂತು ಮಿಡ್‌ವೈಫರಿ ಕಲಿತು ಪರೀಕ್ಷೆ ಪಾಸ್ ಮಾಡಿದ್ರು. ಸ್ಕಾಟ್ಲೆಂಡಿನ ಬೆಟ್ಟ ದ್ವೀಪಗಳಲ್ಲಿ ಸರ್ಕಾರ ನರ್ಸುಗಳನ್ನ ಚದುರಿಸಿ ಇಟ್ಟು ಸೇವೆ ನಡೆಸ್ತಿದ್ದ ಪದ್ಧತೀನ ಹೋಗಿ ನೋಡಿದ್ರು. ವಾಪಸ್ ಬಂದು 1925ರಲ್ಲಿ ಕೆಂಟಕಿಯ ಲೆಸ್ಲಿ ಕೌಂಟಿಲಿ ಸೇವೆ ಶುರು ಮಾಡಿದ್ರು, 1928ರಲ್ಲಿ ಅದರ ಹೆಸರು ಫ್ರಾಂಟಿಯರ್ ನರ್ಸಿಂಗ್ ಸರ್ವಿಸ್ ಅಂತಾಯ್ತು. ಅದೇ ವರ್ಷ ಹೈಡನ್ ಅನ್ನೋ ಊರಲ್ಲಿ ಆಸ್ಪತ್ರೆ.

ಕಾರು ಹೋಗೋ ರಸ್ತೇನೇ ಇರಲಿಲ್ಲ ಅಲ್ಲಿ. ಹೊಳೆ ದಾಟಿ, ಹಳ್ಳದ ಒಳಗೇ ದಾರಿ. ನರ್ಸುಗಳು ಕುದುರೆ ಮೇಲೆ ಹೋಗ್ತಿದ್ರು, ಜೀನಿನ ಎರಡೂ ಪಕ್ಕ ಚರ್ಮದ ಚೀಲ, ಒಳಗೆ ಒಗೆದು ಹಾಕೋಕೆ ಬರೋ ಹಾಗೆ ಬಿಳೀ ಬಟ್ಟೆ ಅಸ್ತರು, ಅದರಲ್ಲಿ ಹೆರಿಗೆಗೆ ಬೇಕಾದ್ದೆಲ್ಲ. ಒಬ್ಬೊಬ್ಬ ನರ್ಸಿಗೆ ಸುತ್ತ 5 ಮೈಲಿ ಅಂತ ಜಾಗ ಹಂಚಿ ಅಲ್ಲಲ್ಲೇ ಒಂದೊಂದು ಸಣ್ಣ ಕೇಂದ್ರ ಕಟ್ಟಿದ್ರು, ಯಾರೇ ಬಂದು ಬಾಗಿಲು ಬಡಿದ್ರೂ ನರ್ಸ್ ಸಿಗ್ಬೇಕು ಅಂತ. ದುಡ್ಡಿಲ್ಲದೋರು ಮೇವು, ಕೋಳಿ, ಮರಗೆಲಸ ಏನು ಕೊಟ್ರೂ ನಡೀತಿತ್ತು. ಫಲ ಏನಂದ್ರೆ, ಮೊದಲ 1,000 ಹೆರಿಗೆಗಳ ದಾಖಲೆಯನ್ನ ಮೆಟ್ರೊಪಾಲಿಟನ್ ಲೈಫ್ ಇನ್ಶೂರೆನ್ಸ್ ಕಂಪನಿಯ ಲೂಯಿ ಡಬ್ಲಿನ್ ಅನ್ನೋ ಅಂಕಿಅಂಶ ತಜ್ಞರು ಕೂತು ಲೆಕ್ಕ ಹಾಕಿದಾಗ ಹೆರಿಗೆ ಕಾರಣಕ್ಕೆ ನೇರವಾಗಿ ಸತ್ತ ತಾಯಿ ಒಬ್ಬರೂ ಇರಲಿಲ್ಲ. ಬಡತನ ಅಷ್ಟೇ ಇತ್ತು, ದಾರಿ ಅಷ್ಟೇ ಕೆಟ್ಟದಿತ್ತು, ಬದಲಾಗಿದ್ದು ಕಲಿತ ಒಬ್ಬ ನರ್ಸ್ ಹತ್ತಿರದಲ್ಲಿ ಇದ್ದಿದ್ದು, ಬಸುರಿ ಇದ್ದಾಗಿಂದ್ಲೂ ಮನೆಗೆ ಹೋಗಿ ನೋಡ್ತಾ ಇದ್ದಿದ್ದು. ಈ ಸಾಲು ಬರೆಯೋವಾಗ ಈಗ್ಲೂ ಮೈ ಜುಮ್ ಅನ್ನುತ್ತೆ ನಂಗೆ.

ಸ್ಕೂಲ್ ಯಾಕೆ ಬಂತು ಅಂದ್ರೆ, ಅಲ್ಲಿದ್ದ ಮಿಡ್‌ವೈಫುಗಳಲ್ಲಿ ಬ್ರಿಟನ್ನಿನೋರು ಬಹಳ ಜನ. 1939ರಲ್ಲಿ ಎರಡನೇ ಮಹಾಯುದ್ಧ ಶುರುವಾದ ಕೂಡ್ಲೇ ಅವರಲ್ಲಿ ಸುಮಾರು ಜನ ತಮ್ಮ ದೇಶಕ್ಕೆ ಹೊರಟ್ರು. ಇನ್ನು ಇಂಗ್ಲೆಂಡಿಗೆ ಕಳಿಸಿ ಕಲಿಸೋಕೂ ಆಗಲ್ಲ. ಸರಿ ಇಲ್ಲೇ ಕಲಿಸೋಣ ಅಂತ ಆ ನವೆಂಬರ್‌ನಲ್ಲೇ ಇಬ್ಬರು ವಿದ್ಯಾರ್ಥಿನಿಯರನ್ನ ಇಟ್ಕೊಂಡು ಶುರು ಮಾಡಿದ್ರು. ಮೇರಿಯೋರು 1965ರಲ್ಲಿ ತೀರಿಕೊಂಡ್ರು. 1970ರಲ್ಲಿ ಫ್ಯಾಮಿಲಿ ನರ್ಸ್ ಪ್ರಾಕ್ಟೀಷನರ್ (ಮನೆಮಂದಿಗೆಲ್ಲ ಕಾಯಿಲೆ ನೋಡಿ ಚಿಕಿತ್ಸೆ ಕೊಡೋಕೆ ಕಲಿತ ನರ್ಸ್) ಸರ್ಟಿಫಿಕೇಟ್ ಕೋರ್ಸ್ ಶುರು ಮಾಡಿದ್ರು, ಅಮೆರಿಕದಲ್ಲಿ ಅಂಥದ್ದು ಅದೇ ಮೊದಲನೇದು.

ಈಗ ನಿಮ್ಮೋರ ಪ್ರಶ್ನೆಗೆ ಬರ್ತೀನಿ, ದೂರಶಿಕ್ಷಣ. ಕಿಟ್ಟಿ ಅರ್ನ್‌ಸ್ಟ್ ಅಂತ ಇದೇ ಸ್ಕೂಲಲ್ಲಿ 1951ರಲ್ಲಿ ಓದಿದ ಮಿಡ್‌ವೈಫ್ ಒಬ್ಬರಿದ್ರು. ಹಳ್ಳಿಗಳ ನರ್ಸುಗಳು ಓದೋಕೆ ಅಂತ ಪಟ್ಟಣಕ್ಕೆ ಹೋದ್ರೆ ವಾಪಸ್ ಬರಲ್ಲ, ಮನೆ ಮಕ್ಕಳು ಇರೋರಂತೂ ಹೋಗೋದೇ ಇಲ್ಲ, ಹಾಗಾಗಿ ಪಾಠವೇ ಅವರ ಮನೆಗೆ ಹೋಗ್ಲಿ ಅಂತ ಅವರು ಮುಂದೆ ನಿಂತು 1989ರಲ್ಲಿ ದೂರಶಿಕ್ಷಣದ ಮಿಡ್‌ವೈಫರಿ ಕೋರ್ಸ್ ಶುರು ಮಾಡಿಸಿದ್ರು. ಆಗ ಟಪಾಲು, ಫೋನು, ಪುಸ್ತಕದ ಕಟ್ಟು ಇಷ್ಟೇ. ಕುದುರೆ ಮೇಲೆ ನರ್ಸನ್ನ ಬಾಣಂತಿ ಮನೆಗೆ ಕಳಿಸಿದ್ದು ಏನೋ, ಪಾಠವನ್ನ ನರ್ಸ್ ಮನೆಗೆ ಕಳಿಸಿದ್ದೂ ಅದೇ. ಆನ್‌ಲೈನ್ ಅನ್ನೋದು ಆ ಸ್ಕೂಲಿಗೆ ದುಡ್ಡು ಮಾಡೋ ದಾರಿಯಾಗಿ ಬಂದಿದ್ದಲ್ಲ, ಅದರ ಹುಟ್ಟುಗುಣ ಅದು.


ಪ್ರಾಕ್ಟೀಷನರ್_ಪುಟ್ಟಿ:

ಅಣ್ಣ ಎಷ್ಟು ಚೆನ್ನಾಗಿ ಬರೆದಿದೀರ, ನಾನು ಅಲ್ಲೇ ಎಫ್‌ಎನ್‌ಪಿ (ಅದೇ ಫ್ಯಾಮಿಲಿ ನರ್ಸ್ ಪ್ರಾಕ್ಟೀಷನರ್) ಓದಿದೋಳು, ಇದರಲ್ಲಿ ಅರ್ಧ ನಂಗೇ ಮರೆತುಹೋಗಿತ್ತು.

ತಂಗಿ ನಿಂಗೆ ಕೋರ್ಸಿನ ವಿಷಯ ಹೇಳ್ತೀನಿ. ನರ್ಸಿಂಗ್ ಬಿಟ್ಟು ಬೇರೆ ಏನೂ ಕಲಿಸಲ್ಲ ಅಲ್ಲಿ, ಅದೂ ಈಗಾಗ್ಲೇ ಆರ್‌ಎನ್ (ಲೈಸೆನ್ಸ್ ಇರೋ ನರ್ಸ್) ಆಗಿರೋರಿಗೆ ಮಾತ್ರ. ಎಂಎಸ್‌ಎನ್‌ನಲ್ಲಿ (ನರ್ಸಿಂಗ್ ಮಾಸ್ಟರ್ಸ್) ನಾಲ್ಕು ದಾರಿ, ನರ್ಸ್-ಮಿಡ್‌ವೈಫ್, ಫ್ಯಾಮಿಲಿ ನರ್ಸ್ ಪ್ರಾಕ್ಟೀಷನರ್, ಹೆಂಗಸರ ಆರೋಗ್ಯದ ನರ್ಸ್ ಪ್ರಾಕ್ಟೀಷನರ್, ಮತ್ತೆ ಮಾನಸಿಕ ಆರೋಗ್ಯದ್ದು, ಅದು 2017ರ ಹೊತ್ತಿಗೆ ಸೇರಿದ್ದು. ಮಾಸ್ಟರ್ಸ್ ಆಗಿರೋರಿಗೆ ಸರ್ಟಿಫಿಕೇಟ್ ಕೋರ್ಸ್ ಇದೆ, ಡಿಎನ್‌ಪಿ ಅನ್ನೋ ನರ್ಸಿಂಗ್ ಡಾಕ್ಟರೇಟ್ 2008ರಿಂದ ಇದೆ. ಯೂನಿವರ್ಸಿಟಿ ಅನ್ನೋ ಹೆಸರು ಬಂದಿದ್ದು 2011ರಲ್ಲಿ, ಅದಕ್ಕೆ ಮುಂಚೆ ಫ್ರಾಂಟಿಯರ್ ಸ್ಕೂಲ್ ಆಫ್ ಮಿಡ್‌ವೈಫರಿ ಅಂಡ್ ಫ್ಯಾಮಿಲಿ ನರ್ಸಿಂಗ್. ಮಾವನೋರು ಹೆಸರು ಕೇಳಿಲ್ಲ ಅಂದ್ರೆ ಅದೂ ಒಂದು ಕಾರಣ ಇರಬಹುದು ನೋಡು. ಮಾನ್ಯತೆ ಬಗ್ಗೆ ಭಯ ಬೇಡ, ಇಡೀ ಸಂಸ್ಥೆಗೆ ಎಸ್‌ಎಸಿಎಸ್‌ಸಿಒಸಿ (ಕಾಲೇಜುಗಳಿಗೆ ಮಾನ್ಯತೆ ಕೊಡೋ ಸಂಸ್ಥೆ) ಮಾನ್ಯತೆ, ಮಿಡ್‌ವೈಫರಿಗೆ ಎಸಿಎಂಇ (ಮಿಡ್‌ವೈಫರಿ ಕೋರ್ಸುಗಳಿಗೆ ಮಾನ್ಯತೆ ಕೊಡೋ ಸಂಸ್ಥೆ) ಮಾನ್ಯತೆ. ಎಸಿಎಂಇ ಮಾನ್ಯತೆ ಇರೋ ಕಡೆ ಓದಿದ್ರೆ ಮಾತ್ರ ಎಎಂಸಿಬಿ ಅನ್ನೋ ಮಿಡ್‌ವೈಫರಿ ಬೋರ್ಡಿನ ಪರೀಕ್ಷೆಗೆ ಕೂರಬಹುದು, ಆ ಪರೀಕ್ಷೆ ಪಾಸ್ ಆದ್ರೇನೇ ಸಿಎನ್‌ಎಂ, ಅಂದ್ರೆ ಸರ್ಟಿಫೈಡ್ ನರ್ಸ್-ಮಿಡ್‌ವೈಫ್. ಬೇರೆ ಎಲ್ಲಿ ವಿಚಾರಿಸಿದ್ರೂ ಮೊದಲು ಇದನ್ನೇ ಕೇಳು.

ಲ್ಯಾಪ್‌ಟಾಪಲ್ಲಿ ಹೆರಿಗೆ ಕಲಿಯೋದು ಹೇಗೆ ಅಂತ ಭಾವ ಕೇಳಿದ್ದಕ್ಕೆ ಉತ್ತರ, ಲ್ಯಾಪ್‌ಟಾಪಲ್ಲಿ ಕಲಿಯಲ್ಲ. ಮೊದಲು ಕೆಲವು ದಿನ ಕ್ಯಾಂಪಸ್ಸಿಗೆ ಹೋಗ್ಬೇಕು, ಫ್ರಾಂಟಿಯರ್ ಬೌಂಡ್ ಅಂತಾರೆ. ಆಮೇಲೆ ಮನೇಲಿ ಕೂತು ಥಿಯರಿ, ಪ್ಯಾಥೋಫಿಸಿಯಾಲಜಿ (ಕಾಯಿಲೇಲಿ ದೇಹಕ್ಕೆ ಏನಾಗುತ್ತೆ ಅನ್ನೋದು), ಫಾರ್ಮಕಾಲಜಿ (ಔಷಧಿಗಳದ್ದು) ಎಲ್ಲ. ಅದು ಮುಗಿದ್ಮೇಲೆ ಮತ್ತೆ ಕ್ಯಾಂಪಸ್ಸು, ಕ್ಲಿನಿಕಲ್ ಬೌಂಡ್, ಅಲ್ಲಿ ಕೈಯಲ್ಲಿ ಮಾಡಿ ತೋರಿಸ್ಬೇಕು, ಆಗ್ಲಿಲ್ಲ ಅಂದ್ರೆ ಪೇಷೆಂಟ್ ಮುಟ್ಟೋಕೆ ಬಿಡಲ್ಲ. ನಮ್ ಜೊತೆ ಬಂದಿದ್ದ ಮಿಡ್‌ವೈಫರಿ ಹುಡುಗೀರು ರಾತ್ರಿ ಊಟ ಆದ್ಮೇಲೂ ಸ್ಪಂಜಿನ ಮೇಲೆ ಹೊಲಿಗೆ ಹಾಕ್ತಾ ಕೂತಿರೋರು, ಒಬ್ಬಳು ಗೊಂಬೆನ ಪೆಲ್ವಿಸ್ ಮಾಡೆಲ್ ಒಳಗೆ ತಿರುಗಿಸಿ ತಿರುಗಿಸಿ ಭುಜ ಸಿಕ್ಕಾಕ್ಕೊಂಡ್ರೆ ಏನು ಮಾಡ್ಬೇಕು ಅಂತ ತಾನೇ ಜೋರಾಗಿ ಹೇಳ್ಕೊಂಡು ಮಾಡ್ತಿದ್ಳು, ನಂಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅದಾದ ಮೇಲೆ ನಿಮ್ಮೂರಲ್ಲೇ ನಿಜವಾದ ಮಿಡ್‌ವೈಫ್ ಕೈಕೆಳಗೆ ನಿಜವಾದ ಹೆರಿಗೆಗಳು. ಎಲ್ಲರೂ ವೃತ್ತ ಮಾಡಿ ನಿಂತು ಒಬ್ಬೊಬ್ಬರೇ ಮಾತಾಡೋ ಪದ್ಧತಿ ಇದೆ, ಸರ್ಕಲ್ ಅಪ್ ಅಂತ, ಮೊದಲ ದಿನ ಸಂಕೋಚ ಆಗುತ್ತೆ, ಕೊನೇ ದಿನ ಎಲ್ಲರ ಕಣ್ಣಲ್ಲೂ ನೀರು.

ಅಂದಹಾಗೆ ಕ್ಯಾಂಪಸ್ ಈಗ ಹೈಡನ್‌ನಲ್ಲಿಲ್ಲ, ಲೆಕ್ಸಿಂಗ್ಟನ್ ಹತ್ತಿರದ ವರ್ಸೇಲ್ಸ್‌ನಲ್ಲಿ. ಸ್ಪೆಲ್ಲಿಂಗ್ ಫ್ರಾನ್ಸಿನ ವರ್ಸಾಯ್ದೇ, ಆದ್ರೆ ಅಲ್ಲಿನೋರು ವರ್ಸೇಲ್ಸ್ ಅಂತಾನೇ ಹೇಳೋದು.

ಕಷ್ಟ ಎಲ್ಲಿ ಅಂದ್ಯಲ್ಲ, ಒಂದೇ ಮಾತು, ಪ್ರಿಸೆಪ್ಟರ್, ಅಂದ್ರೆ ಕ್ಲಿನಿಕಲ್‌ನಲ್ಲಿ ಕೈಕೆಳಗೆ ಇಟ್ಕೊಂಡು ಕಲಿಸೋರು. ಅವರನ್ನ ನೀನೇ ಹುಡುಕ್ಬೇಕು. ನಿನ್ನ ಪ್ರಾಂತ್ಯಕ್ಕೆ ಅಂತ ಒಬ್ಬ ಕ್ಲಿನಿಕಲ್ ಫ್ಯಾಕಲ್ಟಿ ಇರ್ತಾರೆ, ದಾರಿ ತೋರಿಸ್ತಾರೆ, ಜಾಗ ಸರಿ ಇದೆಯಾ ಅಂತ ನೋಡ್ತಾರೆ, ಆದ್ರೆ ಹೋಗಿ ಬಾಗಿಲು ತಟ್ಟೋಳು ನೀನೇ. ನಾನು ಹನ್ನೊಂದು ಕ್ಲಿನಿಕ್ಕಿಗೆ ಫೋನ್ ಮಾಡಿದೀನಿ. ಕೆಲವರು ವಾಪಸ್ ಫೋನೇ ಮಾಡಲ್ಲ, ಒಂದು ಕಡೆ ಹೂಂ ಅಂದು ಕಾಗದ ಎಲ್ಲ ಆದ್ಮೇಲೆ ಕೊನೇ ವಾರ ಆಗಲ್ಲ ಅಂದ್ರು. ಒಂದು ಟರ್ಮ್ ಹೋಯ್ತು ನಂಗೆ. ಸೇರೋ ಮುಂಚೇನೇ ಪ್ರಿಸೆಪ್ಟರ್ ಯಾರು ಅಂತ ಮನಸ್ಸಲ್ಲಿ ಇಟ್ಕೊಂಡು ಸೇರು.


ಲೆಕ್ಕದ_ಮೇಷ್ಟ್ರು:

ಎಲ್ಲಾ ಸರಿ, ದುಡ್ಡಿನ ಮಾತು ಯಾರೂ ಎತ್ತಿಲ್ಲ. ನನ್ನ ಹೆಂಡತಿ ಬೇರೆ ಕಡೆ ನರ್ಸ್ ಪ್ರಾಕ್ಟೀಷನರ್ ಮಾಡಿದ್ದು, ಆದ್ರೆ ಲೆಕ್ಕ ಎಲ್ಲಾ ಕಡೆ ಒಂದೇ. ಒಂದು ಕ್ರೆಡಿಟ್ಟಿಗೆ ಎಷ್ಟು ಅಂತ ಮಾತ್ರ ನೋಡಬೇಡಿ, ಕ್ಲಿನಿಕಲ್ ಶುರುವಾದ್ಮೇಲೆ ಫುಲ್ ಟೈಮ್ ಡ್ಯೂಟಿ ಮಾಡೋಕೆ ಆಗಲ್ಲ, ಹೆರಿಗೆ ನಿಮ್ಮ ಶಿಫ್ಟ್ ನೋಡ್ಕೊಂಡು ಬರಲ್ಲ, ಆನ್ ಕಾಲ್ ಇರ್ಬೇಕು. ಸಂಬಳ ಕಡಿಮೆ ಆಗೋ ಆ ತಿಂಗಳುಗಳ ಲೆಕ್ಕ ಮೊದಲು ಹಾಕಿ, ಮಗಳನ್ನ ರಾತ್ರಿ ಯಾರು ನೋಡ್ಕೊತಾರೆ ಅನ್ನೋದೂ ಅದರಲ್ಲೇ ಸೇರಿಸಿ. ಗ್ರೀನ್ ಕಾರ್ಡ್ ಇದ್ರೆ ಫಾಫ್ಸಾ (ಓದೋಕೆ ಸರ್ಕಾರದ ಸಹಾಯ ಕೇಳೋ ಅರ್ಜಿ) ಹಾಕಿ ಫೆಡರಲ್ ಲೋನ್ ಕೇಳಬಹುದು. ನರ್ಸ್ ಕೋರ್ ಅಂತ ಸರ್ಕಾರದ ಸ್ಕಾಲರ್‌ಶಿಪ್ ಇದೆ, ಗ್ರೀನ್ ಕಾರ್ಡ್‌ನೋರಿಗೂ ಆಗುತ್ತೆ, ಆದ್ರೆ ಓದಿದ್ಮೇಲೆ ನರ್ಸುಗಳ ಕೊರತೆ ಇರೋ ಕಡೆ ಕೆಲಸ ಮಾಡ್ತೀನಿ ಅಂತ ಬರ್ಕೊಡ್ಬೇಕು. ನಿಮ್ಮ ಆಸ್ಪತ್ರೇಲಿ ಓದೋಕೆ ಸಹಾಯ ಕೊಡ್ತಾರಾ ಅಂತ ಎಚ್‌ಆರ್‌ನ ಕೇಳಿ, ಸುಮಾರು ಜನ ಕೇಳೋದೇ ಇಲ್ಲ.

ಇನ್ನೊಂದು, ನಿಮ್ಮ ರಾಜ್ಯದೋರನ್ನ ಆ ಕೋರ್ಸಿಗೆ ಈಗ ತಗೋತಾರಾ ಅಂತ ಅಡ್ಮಿಷನ್ ಆಫೀಸಿಗೆ ಬರೆದು ಕೇಳಿ. ರಾಜ್ಯಕ್ಕೊಂದು ನಿಯಮ ಇಲ್ಲಿ. ಕೆಲವು ರಾಜ್ಯದಲ್ಲಿ ಮಿಡ್‌ವೈಫ್ ಸ್ವತಂತ್ರವಾಗಿ ಕೆಲಸ ಮಾಡಬಹುದು, ಕೆಲವು ಕಡೆ ಡಾಕ್ಟರ್ ಜೊತೆ ಒಪ್ಪಂದ ಇರಲೇಬೇಕು.


ಕೆಂಡಸಂಪಿಗೆ:

ಹಳೇ ಕಡತ ಅಣ್ಣ, ಒಂದು ವಿಷಯ ಸೇರಿಸ್ಲಾ, ಬೇಜಾರು ಮಾಡ್ಕೊಬೇಡಿ. ಮೇರಿ ಬ್ರೆಕಿನ್‌ರಿಜ್ ಬಗ್ಗೆ ಬರೆಯೋವಾಗ ಇದನ್ನ ಬಿಡಬಾರದು. ಆಕೆ ಕಪ್ಪು ನರ್ಸುಗಳನ್ನ ಕೆಲಸಕ್ಕೆ ತಗೊಳ್ಳಲಿಲ್ಲ. ಕಪ್ಪು ಹೆಂಗಸರೇ ತಲೆಮಾರುಗಳಿಂದ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಸೂಲಗಿತ್ತಿ ಕೆಲಸ ಮಾಡ್ತಾ ಬಂದಿದ್ರು, ಬಿಳಿಯರ ಮನೆ ಹೆರಿಗೆ ಕೂಡ. ಅಂಥೋರಿಗೆ ಈ ಬಾಗಿಲು ಮುಚ್ಚಿತ್ತು. ಇವತ್ತಿಗೂ ಅಮೆರಿಕದಲ್ಲಿ ಹೆರಿಗೆ ಕಾರಣಕ್ಕೆ ಸಾಯೋ ಅಪಾಯ ಕಪ್ಪು ತಾಯಂದಿರಿಗೆ ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಜಾಸ್ತಿ. ನಾನು ಕೆಲಸ ಮಾಡೋ ವಾರ್ಡಲ್ಲಿ ತಲೆನೋವು ಅಂತ ಹೇಳಿ ಹೇಳಿ ಯಾರೂ ಕಿವಿಗೆ ಹಾಕ್ಕೊಳ್ಳದೆ ಬಿಪಿ ಏರಿ ಐಸಿಯುಗೆ ಹೋದ ಬಾಣಂತಿನ ನೋಡಿದೀನಿ, ಅದಕ್ಕೇ ಹೇಳ್ತಿರೋದು.

ಹಾಗಂತ ಅಲ್ಲಿ ಓದಬೇಡ ಅಂತಲ್ಲ ತಂಗಿ, ಖಂಡಿತ ಓದು. ನಾವು ಹೊರಗಿಂದ ಬಂದೋರು, ಆ ಬಾಗಿಲು ಈಗ ನಮಗೂ ತೆಗೆದಿದೆ ಅಂದ್ರೆ ಯಾರೋ ಅದಕ್ಕೆ ಜಗಳ ಆಡಿದಾರೆ.


ಹಳೇ_ಕಡತ:

ಬೇಜಾರು ಯಾಕಮ್ಮ, ನೀವು ಹೇಳಿದ್ದು ನಿಜ, ನಾನೇ ಬರೀಬೇಕಿತ್ತು. ಆಕೆ ಮೇಲಿನ ಗೌರವ ನಂಗೆ ಕಡಿಮೆ ಆಗಲ್ಲ, ಆದ್ರೆ ಇದನ್ನ ಬಿಟ್ಟು ಹೇಳಿದ್ರೆ ಅರ್ಧ ಕಥೆ ಹೇಳಿದ ಹಾಗೆ.


ತುಮಕೂರು_ಸಿಸ್ಟರ್:

ಮೇಡಂ ಒಂದು ಪ್ರಶ್ನೆ, ಇದನ್ನ ಓದಿ ಆಮೇಲೆ ಊರಿಗೆ ಬಂದ್ರೆ ಇಲ್ಲಿ ಮಿಡ್‌ವೈಫ್ ಆಗಿ ಕೆಲಸ ಮಾಡಬಹುದಾ? ನಾನು ಜಿಎನ್‌ಎಂ (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ ಡಿಪ್ಲೊಮಾ) ಮಾಡಿರೋಳು. ನಮ್ಮ ಜಿಎನ್‌ಎಂನಲ್ಲೇ ಮಿಡ್‌ವೈಫರಿ ಅಂತ ಹೆಸರಲ್ಲಿ ಇದೆ ಆದ್ರೆ ವಾರ್ಡಲ್ಲಿ ನಾವೇ ಪೂರ್ತಿ ಹೆರಿಗೆ ನೋಡ್ಕೊಳ್ಳೋದು ಕಡಿಮೆ, ಡಾಕ್ಟರ್ ಬರೋವರೆಗೆ ಕಾಯಿ ಅಂತಾರೆ.


ಪ್ರಾಕ್ಟೀಷನರ್_ಪುಟ್ಟಿ:

ಸಿಸ್ಟರ್, ಸಿಎನ್‌ಎಂ ಅನ್ನೋದು ಅಮೆರಿಕದ ಪರೀಕ್ಷೆ, ಅಮೆರಿಕದ ರಾಜ್ಯಗಳ ಲೈಸೆನ್ಸ್. ಅದು ತಾನಾಗೇ ಊರಲ್ಲಿ ನಡೆಯಲ್ಲ, ಅಲ್ಲಿ ನರ್ಸಿಂಗ್ ಕೌನ್ಸಿಲ್ ನಿಯಮವೇ ಬೇರೆ. ನೀವು ಊರಲ್ಲೇ ಇರೋದಾದ್ರೆ ಭಾರತ ಸರ್ಕಾರ 2018ರಲ್ಲಿ ಮಿಡ್‌ವೈಫರಿ ಸೇವೆಗೆ ಅಂತ ಮಾರ್ಗಸೂಚಿ ತಂದು ನರ್ಸ್ ಪ್ರಾಕ್ಟೀಷನರ್ ಇನ್ ಮಿಡ್‌ವೈಫರಿ ಅಂತ 18 ತಿಂಗಳ ತರಬೇತಿ ಶುರು ಮಾಡಿದೆ, ಅದನ್ನ ವಿಚಾರಿಸಿ. ನಿಮಗೆ ಅದೇ ಸರಿಯಾದ ದಾರಿ ಅನ್ಸುತ್ತೆ ನಂಗೆ.


ಲೇಬರ್‌ವಾರ್ಡ್_ಹುಡುಗಿ:

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳ್ಲಿ ಗೊತ್ತಾಗ್ತಿಲ್ಲ. ಅಣ್ಣ ಬರೆದಿದ್ದನ್ನ ಭಾನುವಾರ ಫೋನಲ್ಲಿ ಮಾವನೋರಿಗೆ ಪೂರ್ತಿ ಓದಿ ಹೇಳ್ದೆ. ಅವರ ತಾಯಿ, ಅಂದ್ರೆ ನಮ್ಮೋರ ಅಜ್ಜಿ, ತೀರಿಕೊಂಡಿದ್ದೇ ಬಾಣಂತನದಲ್ಲಿ ಅಂತ ನಂಗೆ ಗೊತ್ತೇ ಇರಲಿಲ್ಲ, ಮದುವೆ ಆಗಿ ಎಂಟು ವರ್ಷ ಆಯ್ತು, ಮೊದಲ ಸಲ ಹೇಳಿದ್ರು. ಮಾವನಿಗೆ ಆಗ ಮೂರು ವರ್ಷ ಅಂತೆ, ಎತ್ತಿನ ಗಾಡೀಲಿ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾ ದಾರೀಲೇ. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಎಷ್ಟು ವರ್ಷದ ಓದಮ್ಮ ಅಂತ ಮಾತ್ರ ಕೇಳಿದ್ರು.

ಮೇಷ್ಟ್ರು ಹೇಳಿದ ಹಾಗೆ ಎಚ್‌ಆರ್‌ಗೆ ಬರೆದಿದೀನಿ, ಸ್ವಲ್ಪ ಸಹಾಯ ಕೊಡ್ತಾರಂತೆ, ಎರಡು ವರ್ಷ ಇಲ್ಲೇ ಇರಬೇಕು ಅನ್ನೋ ಷರತ್ತು. ನಮ್ಮೋರು ಒಂದು ಹಾಳೆ ತಗೊಂಡು ಯಾವ ತಿಂಗಳು ಎಷ್ಟು ಸಂಬಳ ಕಡಿಮೆ ಆಗುತ್ತೆ ಅಂತ ಬರೆಯೋಕೆ ಕೂತಿದಾರೆ, ಅಂದ್ರೆ ಒಪ್ಪಿದ ಹಾಗೇ. ಊರಿನ ಮಾರ್ಕ್ಸ್‌ಕಾರ್ಡ್ ಇವಾಲ್ಯುಯೇಷನ್‌ಗೆ ಕಳಿಸಬೇಕು, ಅದೊಂದು ಓಡಾಟ ಬಾಕಿ.

ಪುಟ್ಟಿ ಅಕ್ಕ, ನೀವು ಹೇಳಿದ ಒಂದು ಮಾತು ತಲೇಲಿ ಕೂತಿತ್ತು. ನಿನ್ನೆ ಶಿಫ್ಟ್ ಮುಗಿಯೋ ಹೊತ್ತಿಗೆ ಆ ಮಿಡ್‌ವೈಫ್ ಕಾಫಿ ಹಿಡ್ಕೊಂಡು ಚಾರ್ಟ್ ಬರೀತಾ ಕೂತಿದ್ರು. ಹೋಗಿ ನಿಂತೆ, ಬಾಯಿ ಒಣಗಿಹೋಗಿತ್ತು. ನಾನು ಸೇರಿದ್ರೆ ನೀವು ನನ್ನ ಪ್ರಿಸೆಪ್ಟರ್ ಆಗ್ತೀರಾ ಅಂತ ಕೇಳ್ದೆ. ಪೆನ್ ಕೆಳಗಿಟ್ಟು ನನ್ನ ಎರಡೂ ಕೈ ಹಿಡ್ಕೊಂಡು, ತಿರುಗಿಸಿ ನೋಡಿ, ಅವತ್ತು ರಾತ್ರಿ ನೀನು ನನ್ನ ಕೈ ನೋಡ್ತಿದ್ದಿದ್ದು ಗೊತ್ತು, ಅರ್ಜಿ ಹಾಕು, ಅಂದ್ರು.